ಗಬ್ಬದ ಸಾಕುಮೊಲಕ್ಕೆ ಮರಿ ಪೆಟ್ಟಿಗೆ ಸಿದ್ಧಪಡಿಸುವ ಕ್ರಮ: ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಭಾಗದ ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕು ಹಾಗೂ ಹಳೇಬೀಡು ಹೋಬಳಿಯೂ ಸೇರಿದಂತೆ ಬೇಲೂರು ತಾಲ್ಲೂಕಿನಲ್ಲಿ ಮನೆಗಳಲ್ಲಿ ಮೊಲ ಸಾಕುವ ಸಾರ್ವಜನಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಸಾಕುಮೊಲದ ಮರಿಗಳ ಸಾವು ಹೆಚ್ಚಾಗಿ ಹುಟ್ಟಿದ ಮೊದಲ ವಾರದಲ್ಲಿ ಸಂಭವಿಸುತ್ತದೆ. ಶೀತ, ತೇವ ಮತ್ತು ಹಾಲು ದೊರೆಯದಿರುವಿಕೆ ಇದಕ್ಕೆ ಮುಖ್ಯ ಕಾರಣಗಳು. ಸರಿಯಾದ ಅಳತೆಯ ಒಂದು ಮರದ ಪೆಟ್ಟಿಗೆಯನ್ನು ಸರಿಯಾದ ದಿನದಂದು ಪಂಜರದೊಳಗೆ ಇಟ್ಟು, ಅನಂತರ ತಾಯಿ ಮೊಲವನ್ನು ಅದರ ಪಾಡಿಗೆ ಬಿಟ್ಟಲ್ಲಿ ಈ ನಷ್ಟದ ಬಹುಭಾಗವನ್ನು ತಪ್ಪಿಸಬಹುದಾಗಿದೆ. ಇದಕ್ಕೆ ಖರ್ಚು ಅಲ್ಪ. ದಿನಾಂಕದ ಲೆಕ್ಕ ಮತ್ತು ಸ್ವಲ್ಪ ತಾಳ್ಮೆ ಅವಶ್ಯಕ.

2. ಮರಿ ಪೆಟ್ಟಿಗೆ ಏಕೆ ಅವಶ್ಯಕ?

ಸಾಕುಮೊಲದ ಮರಿಗಳು ಹುಟ್ಟುವಾಗ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ಮುಚ್ಚಿರುತ್ತವೆ. ತಮ್ಮ ಮೈ ಬಿಸಿಯನ್ನು ತಾವೇ ಕಾಯ್ದುಕೊಳ್ಳುವ ಶಕ್ತಿ ಅವುಗಳಿಗೆ ಇರುವುದಿಲ್ಲ. ಸುಮಾರು ಒಂದು ವಾರದಲ್ಲಿ ಮೈಮೇಲೆ ಕೂದಲು ಕಾಣಿಸಿಕೊಳ್ಳುತ್ತದೆ ಮತ್ತು 10 ರಿಂದ 12 ದಿನಗಳಲ್ಲಿ ಕಣ್ಣು ತೆರೆಯುತ್ತದೆ. ಅಲ್ಲಿಯವರೆಗೆ ಗೂಡಿನ ಒಳಭಾಗದಲ್ಲಿ ಸುಮಾರು 30 ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರಬೇಕು. ಈ ಬಿಸಿಯನ್ನು ಒದಗಿಸುವುದು ಒಣ ಹುಲ್ಲು, ತಾಯಿ ತನ್ನ ಮೈಯಿಂದ ಕಿತ್ತು ಹಾಸುವ ಕೂದಲು ಮತ್ತು ಒಂದಕ್ಕೊಂದು ಒತ್ತಿಕೊಂಡು ಮಲಗುವ ಮರಿಗಳ ಮೈಶಾಖ.

ಬಿಲ ತೋಡಿ ಬದುಕುವ ಕಾಡು ಪೂರ್ವಜರಿಂದ ಸಾಕುಮೊಲ ಬಂದಿದೆ. ಅವು ನೆಲದೊಳಗೆ ಬಿಲ ತೋಡಿ, ಹುಲ್ಲು ಹಾಗೂ ಕೂದಲು ಹಾಸಿ ಮರಿ ಹಾಕುತ್ತವೆ. ತಂತಿ ಬಲೆಯ ಪಂಜರದಲ್ಲಿರುವ ಮೊಲಕ್ಕೆ ತೋಡಲು ನೆಲವಿಲ್ಲ. ಆ ಬಿಲಕ್ಕೆ ಬದಲಾಗಿ ಒದಗಿಸುವುದೇ ಮರಿ ಪೆಟ್ಟಿಗೆ. ಆದುದರಿಂದ ಪೆಟ್ಟಿಗೆಯು ಬಿಲದಂತೆ ಕಿರಿದಾಗಿ, ಮಬ್ಬಾಗಿ, ಒಣಗಿ ಇರತಕ್ಕದ್ದು.

3. ಕಾಡುಮೊಲದ ಬಗ್ಗೆ ವಿಶೇಷ ಸೂಚನೆ

ರಾಗಿ ಹೊಲ, ತೆಂಗಿನ ತೋಟ ಮತ್ತು ಕುರುಚಲು ಕಾಡಿನ ಅಂಚಿನಲ್ಲಿ ಕಾಣುವ ಕಾಡುಮೊಲವು ಬೇರೆಯೇ ಜಾತಿಯ ಪ್ರಾಣಿ. ಅದರ ಮರಿಗಳು ಮೈತುಂಬ ಕೂದಲಿನೊಂದಿಗೆ, ಕಣ್ಣು ತೆರೆದುಕೊಂಡೇ ಹುಟ್ಟುತ್ತವೆ. ತಾಯಿಯು ಹುಲ್ಲಿನ ಮರೆಯಲ್ಲಿ ಅವುಗಳನ್ನು ಬಿಟ್ಟು ದೂರ ಹೋಗಿ, ಹಾಲುಣಿಸಲು ಮಾತ್ರ ಬರುತ್ತದೆ. ಹೊಲದಲ್ಲಿ ಒಂಟಿಯಾಗಿ ಕಂಡ ಮರಿಯನ್ನು ಅನಾಥವೆಂದು ಭಾವಿಸಿ ಮನೆಗೆ ತರಬಾರದು. ಕಾಡುಮೊಲವನ್ನು ಹಿಡಿಯುವುದು, ಸಾಕುವುದು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅಡಿಯಲ್ಲಿ ಅಪರಾಧವಾಗಿರುತ್ತದೆ. ಗಾಯಗೊಂಡ ಮರಿ ಕಂಡುಬಂದಲ್ಲಿ ಅರಣ್ಯ ಇಲಾಖೆಯ ಸಮೀಪದ ಕಛೇರಿಗೆ ತಿಳಿಸತಕ್ಕದ್ದು. ಈ ಪುಟದ ಮಾಹಿತಿಯು ಸಾಕುಮೊಲಗಳಿಗೆ ಮಾತ್ರ ಅನ್ವಯಿಸುತ್ತದೆ.

4. ದಿನಾಂಕದ ಲೆಕ್ಕ

ಮೊಲದ ಗರ್ಭಾವಧಿ ಸಾಮಾನ್ಯವಾಗಿ 31 ದಿನ. ಒಂದೆರಡು ದಿನ ಹೆಚ್ಚು ಕಡಿಮೆ ಆಗಬಹುದು. ಹೆಣ್ಣನ್ನು ಗಂಡಿನೊಂದಿಗೆ ಬಿಟ್ಟ ದಿನಾಂಕವನ್ನು ತಪ್ಪದೆ ಬರೆದಿಡತಕ್ಕದ್ದು. ಪಂಜರಕ್ಕೆ ಒಂದು ರಟ್ಟಿನ ಚೀಟಿ ಕಟ್ಟಿ ಅದರಲ್ಲಿ ಈ ದಿನಾಂಕವನ್ನು ನಮೂದಿಸುವುದು ಉತ್ತಮ ಪದ್ಧತಿ.

ಉದಾಹರಣೆ: ಜೂನ್ 1ರಂದು ಗಂಡಿನೊಂದಿಗೆ ಬಿಟ್ಟಿದ್ದಲ್ಲಿ, 28 ದಿನ ಕಳೆದ ನಂತರ ಜೂನ್ 29ರಂದು ಪೆಟ್ಟಿಗೆಯನ್ನು ಇಡಬೇಕು. ಜುಲೈ 2ರ ಆಸುಪಾಸಿನಲ್ಲಿ ಮರಿಗಳನ್ನು ನಿರೀಕ್ಷಿಸಬಹುದು.

ಪೆಟ್ಟಿಗೆಯನ್ನು ಹತ್ತು ಹದಿನೈದು ದಿನ ಮುಂಚಿತವಾಗಿ ಇಟ್ಟಲ್ಲಿ ಮೊಲವು ಅದನ್ನು ಮಲಮೂತ್ರ ವಿಸರ್ಜನೆಗೆ ಬಳಸಲಾರಂಭಿಸುತ್ತದೆ. ಹಾಸಿಗೆ ತೇವವಾಗಿ ಮರಿಗಳಿಗೆ ಅಪಾಯವಾಗುತ್ತದೆ. ತಡವಾಗಿ ಇಟ್ಟಲ್ಲಿ ಮೊಲವು ತಂತಿ ಬಲೆಯ ಮೇಲೆಯೇ ಮರಿ ಹಾಕಬಹುದು. ಅಂತಹ ಮರಿಗಳು ಕೆಲವೇ ಗಂಟೆಗಳಲ್ಲಿ ಶೀತದಿಂದ ಸಾಯುತ್ತವೆ. ಆದಕಾರಣ 28ನೇ ದಿನವನ್ನು ಕಟ್ಟುನಿಟ್ಟಾಗಿ ಪಾಲಿಸುವುದು.

ಗರ್ಭ ನಿಂತಿರುವುದನ್ನು ಖಚಿತಪಡಿಸಿಕೊಳ್ಳಲು 12 ರಿಂದ 14ನೇ ದಿನದ ವೇಳೆಗೆ ಹೊಟ್ಟೆಯನ್ನು ಮೃದುವಾಗಿ ಮುಟ್ಟಿ ಪರೀಕ್ಷಿಸಲಾಗುತ್ತದೆ. ಈ ಪರೀಕ್ಷೆಯನ್ನು ಪಶುವೈದ್ಯರಿಂದಲೇ ಮಾಡಿಸತಕ್ಕದ್ದು. ಅನುಭವವಿಲ್ಲದವರು ಹೊಟ್ಟೆ ಒತ್ತಿ ನೋಡಿದಲ್ಲಿ ಗರ್ಭಕ್ಕೆ ಹಾನಿಯಾಗುವ ಸಂಭವವಿದೆ.

ಕೆಲವು ಮೊಲಗಳು 16 ರಿಂದ 18ನೇ ದಿನದಲ್ಲಿಯೇ ಕೂದಲು ಕಿತ್ತು ಗೂಡು ಕಟ್ಟಲು ತೊಡಗುತ್ತವೆ. ಇದು ಬಹುತೇಕ ಹುಸಿ ಗರ್ಭದ ಲಕ್ಷಣ. ಇಂತಹ ಮೊಲವು ಕೆಲವು ದಿನಗಳಲ್ಲಿ ತಾನಾಗಿಯೇ ಮೊದಲಿನ ಸ್ಥಿತಿಗೆ ಮರಳುತ್ತದೆ.

5. ಪೆಟ್ಟಿಗೆಯ ಅಳತೆ

ತಾಯಿ ಮೊಲವು ಒಳಗೆ ಹೋಗಿ ತಿರುಗಿ ನಿಲ್ಲುವಷ್ಟು ಸ್ಥಳ ಸಾಕು. ಪೆಟ್ಟಿಗೆ ದೊಡ್ಡದಾದಷ್ಟೂ ಮರಿಗಳು ಚದುರಿ ಹೋಗುತ್ತವೆ, ಬಿಸಿ ಉಳಿಯುವುದಿಲ್ಲ. ಸಾಮಾನ್ಯ ಅಳತೆಗಳು ಈ ಕೆಳಕಂಡಂತಿವೆ:

(ಅ) 2 ಕೆ.ಜಿ.ವರೆಗಿನ ಸಣ್ಣ ಮೊಲಕ್ಕೆ: ಉದ್ದ 35 ಸೆಂ.ಮೀ., ಅಗಲ 25 ಸೆಂ.ಮೀ., ಎತ್ತರ 25 ಸೆಂ.ಮೀ.
(ಆ) 3 ರಿಂದ 4 ಕೆ.ಜಿ. ತೂಕದ ಮಧ್ಯಮ ಮೊಲಕ್ಕೆ: ಉದ್ದ 45 ಸೆಂ.ಮೀ., ಅಗಲ 30 ಸೆಂ.ಮೀ., ಎತ್ತರ 30 ಸೆಂ.ಮೀ.
(ಇ) 4 ಕೆ.ಜಿ.ಗೆ ಮೇಲ್ಪಟ್ಟ ದೊಡ್ಡ ತಳಿಯ ಮೊಲಕ್ಕೆ: ಉದ್ದ 50 ಸೆಂ.ಮೀ., ಅಗಲ 35 ಸೆಂ.ಮೀ., ಎತ್ತರ 35 ಸೆಂ.ಮೀ.

ಮುಂಭಾಗದಲ್ಲಿ ಪ್ರವೇಶಕ್ಕೆ ತೆರವು ಬಿಟ್ಟು, ತಳದಿಂದ ಸುಮಾರು 15 ಸೆಂ.ಮೀ. ಎತ್ತರದ ಅಡ್ಡಹಲಗೆಯನ್ನು ಉಳಿಸಿಕೊಳ್ಳಬೇಕು. ಸಣ್ಣ ಮೊಲಕ್ಕೆ 12 ಸೆಂ.ಮೀ. ಸಾಕಾಗುತ್ತದೆ. ಹಾಲುಣಿಸಿ ತಾಯಿ ಹೊರಗೆ ಹಾರುವಾಗ ಮೊಲೆತೊಟ್ಟು ಬಿಡದ ಮರಿಯೊಂದು ಅದರೊಂದಿಗೆ ಎಳೆದುಕೊಂಡು ಬರುವುದುಂಟು. ಅಡ್ಡಹಲಗೆಯು ಅಂತಹ ಮರಿಯನ್ನು ಒಳಗೇ ತಡೆಯುತ್ತದೆ. ಅಡ್ಡಹಲಗೆಯ ಮೇಲಂಚನ್ನು ಉಜ್ಜಿ ನುಣುಪು ಮಾಡಬೇಕು. ಇಲ್ಲವಾದಲ್ಲಿ ತಾಯಿಯ ಮೊಲೆಗೆ ಗಾಯವಾಗುತ್ತದೆ.

ಹಿಂಭಾಗದ ಅರ್ಧಕ್ಕೆ ಮೇಲೆ ಹಲಗೆ ಮುಚ್ಚಿ ಮಬ್ಬು ಮಾಡಬಹುದು. ತಳಕ್ಕೆ ಅರ್ಧ ಸೆಂ.ಮೀ. ಅಗಲದ ಐದಾರು ರಂಧ್ರಗಳನ್ನು ಕೊರೆದಲ್ಲಿ ಮೂತ್ರ ಬಸಿದು ಹೋಗುತ್ತದೆ. ರಂಧ್ರ ಇದಕ್ಕಿಂತ ದೊಡ್ಡದಾದಲ್ಲಿ ಮರಿಗಳ ಕಾಲು ಸಿಕ್ಕಿಕೊಳ್ಳುವ ಅಪಾಯವಿದೆ.

6. ಸಾಮಗ್ರಿಗಳ ಆಯ್ಕೆ

ಬೇಲೂರು ಭಾಗದ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಮರದ ಹಲಗೆ, ಮಾವಿನ ಹಲಗೆ ಅಥವಾ 12 ಮಿ.ಮೀ. ಪ್ಲೈವುಡ್ ತುಂಡುಗಳು ಸಾಕಾಗುತ್ತವೆ. ಒಳಭಾಗಕ್ಕೆ ಬಣ್ಣ, ವಾರ್ನಿಷ್ ಅಥವಾ ಗೆದ್ದಲು ನಿರೋಧಕ ಔಷಧಿ ಬಳಿಯಕೂಡದು. ಮೊಲವು ಹಲಗೆಯನ್ನು ಕಡಿಯುತ್ತದೆ. ಮೊಳೆಗಳ ತುದಿ ಒಳಗೆ ಚಾಚದಂತೆ ಎಚ್ಚರ ವಹಿಸುವುದು.

ರಟ್ಟಿನ ಪೆಟ್ಟಿಗೆಯನ್ನು ತುರ್ತು ಸಂದರ್ಭದಲ್ಲಿ ಮಾತ್ರ, ಒಂದು ಬಾರಿಗೆ ಮಾತ್ರ ಬಳಸಬಹುದು. ತರಕಾರಿ ಸಾಗಿಸುವ ಪ್ಲಾಸ್ಟಿಕ್ ಕ್ರೇಟಿನ ಸಂದುಗಳಿಂದ ಗಾಳಿ ನುಗ್ಗುವುದರಿಂದ ಅದು ಸೂಕ್ತವಲ್ಲ. ಬಿದಿರಿನ ಮಂಕರಿಯ ಹೆಣಿಗೆಯ ನಡುವೆ ಮರಿಗಳ ಕಾಲು ಸಿಲುಕುವುದುಂಟು. ಬರಿಯ ತಗಡಿನ ಡಬ್ಬವು ಬೇಸಿಗೆಯಲ್ಲಿ ಕಾದು, ಚಳಿಯಲ್ಲಿ ತಣ್ಣಗಾಗುತ್ತದೆ.

7. ಹಾಸಿಗೆ ಸಿದ್ಧಪಡಿಸುವ ಕ್ರಮ

(1) ತಳದಲ್ಲಿ, ಬಡಗಿಗಳು ಮರ ಹೆರೆಯುವಾಗ ಬೀಳುವ ತೆಳು ಸುರುಳಿಗಳನ್ನು 2 ರಿಂದ 3 ಸೆಂ.ಮೀ. ದಪ್ಪಕ್ಕೆ ಹರಡುವುದು. ಗರಗಸದ ನುಣ್ಣನೆಯ ಪುಡಿಯನ್ನು ಬಳಸಬಾರದು. ಅದು ಮರಿಗಳ ಮೂಗು ಮತ್ತು ಕಣ್ಣಿಗೆ ಸೇರುತ್ತದೆ.
(2) ಅದರ ಮೇಲೆ 10 ರಿಂದ 12 ಸೆಂ.ಮೀ. ದಪ್ಪಕ್ಕೆ ಒಣ ಹುಲ್ಲು ಹಾಕುವುದು. ಭತ್ತದ ಹುಲ್ಲು ಮೃದುವಾಗಿರುವುದರಿಂದ ಉತ್ತಮ. ರಾಗಿ ಹುಲ್ಲನ್ನು ಬಳಸುವುದಾದಲ್ಲಿ ದಪ್ಪ ಕಡ್ಡಿಗಳನ್ನು ತೆಗೆದು, ಗೇಣುದ್ದಕ್ಕೆ ಕತ್ತರಿಸಿ, ಕೈಯಲ್ಲಿ ಹೊಸೆದು ಮೆತ್ತಗೆ ಮಾಡಿಕೊಳ್ಳಬೇಕು.
(3) ಪೆಟ್ಟಿಗೆಯ ಹಿಂಭಾಗದಲ್ಲಿ ಮುಷ್ಟಿಯಿಂದ ಒತ್ತಿ ಬಟ್ಟಲಿನಾಕಾರದ ಕುಳಿ ಮಾಡುವುದು. ಮರಿಗಳು ಜಾರಿ ಒಂದೆಡೆ ಸೇರಲು ಇದು ಸಹಾಯಕ.
(4) ಪಂಜರದಲ್ಲಿ ಇನ್ನೊಂದು ಹಿಡಿ ಹುಲ್ಲನ್ನು ಹೊರಗೆ ಇಡುವುದು. ತಾಯಿಯು ಅದನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಗೂಡನ್ನು ತಾನೇ ಸರಿಪಡಿಸಿಕೊಳ್ಳುತ್ತದೆ.

ಅರಸೀಕೆರೆ ಭಾಗದಲ್ಲಿ ಹೇರಳವಾಗಿ ದೊರೆಯುವ ತೆಂಗಿನ ನಾರನ್ನು ಬಳಸುವವರು, ಧೂಳು ಕೊಡವಿ, ನಾಲ್ಕೈದು ಸೆಂ.ಮೀ. ತುಂಡುಗಳಾಗಿ ಕತ್ತರಿಸಿ, ಹುಲ್ಲಿನ ಕೆಳಗಿನ ಪದರದಲ್ಲಿ ಮಾತ್ರ ಹಾಕತಕ್ಕದ್ದು. ಉದ್ದನೆಯ ನಾರು ಮರಿಗಳ ಕಾಲಿಗೆ ಮತ್ತು ಕುತ್ತಿಗೆಗೆ ಸುತ್ತಿಕೊಂಡು ರಕ್ತಸಂಚಾರವನ್ನು ನಿಲ್ಲಿಸುತ್ತದೆ. ಇದೇ ಕಾರಣದಿಂದ ಹತ್ತಿ, ಗೋಣಿಚೀಲದ ದಾರ, ಹಳೆಯ ಸೀರೆ ಪಂಚೆಗಳ ತುಂಡು ಇವುಗಳನ್ನು ಪೆಟ್ಟಿಗೆಯೊಳಗೆ ಹಾಕಕೂಡದು. ಬೂಸ್ಟು ಹಿಡಿದ ಹುಲ್ಲನ್ನು ಸಂಪೂರ್ಣವಾಗಿ ತ್ಯಜಿಸಬೇಕು.

8. ಪೆಟ್ಟಿಗೆ ಇಡುವ ಸ್ಥಳ ಮತ್ತು ಋತುಮಾನದ ಬದಲಾವಣೆ

ಮೊಲವು ಮೂತ್ರ ಮಾಡುವ ಮೂಲೆಯನ್ನು ಬಿಟ್ಟು, ಅದರ ಎದುರು ಮೂಲೆಯಲ್ಲಿ ಪೆಟ್ಟಿಗೆಯನ್ನು ಅಲುಗಾಡದಂತೆ ಇಡುವುದು.

ಅರಸೀಕೆರೆ ಬಯಲುಸೀಮೆಯ ತಾಲ್ಲೂಕು. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿಸಿಲು ಮೊಲಗಳಿಗೆ ಕಷ್ಟಕರ. ಈ ಅವಧಿಯಲ್ಲಿ ಹುಲ್ಲಿನ ಪದರವನ್ನು ಅರ್ಧಕ್ಕೆ ಇಳಿಸಿ, ಮೇಲಿನ ಹಲಗೆಯನ್ನು ತೆಗೆದು, ಪಂಜರವನ್ನು ನೆರಳಿಗೆ ವರ್ಗಾಯಿಸಬೇಕು. ಒದ್ದೆ ಗೋಣಿಚೀಲವನ್ನು ಪಂಜರದ ಹೊರಬದಿಗೆ ಗಾಳಿ ಬರುವ ಕಡೆ ತೂಗುಹಾಕಬಹುದು. ಪೆಟ್ಟಿಗೆಯ ಮೇಲೆ ಹಾಕಬಾರದು. ಶೀಟಿನ ಮಾಡಿನ ಕೆಳಗೆ ಇಡುವುದಾದಲ್ಲಿ ಮಾಡಿನ ಮೇಲೆ ತೆಂಗಿನ ಗರಿ ಹೊದಿಸುವುದು.

ಬೇಲೂರು ತಾಲ್ಲೂಕು ಮಲೆನಾಡಿನ ಅಂಚಿನಲ್ಲಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ವಿಶೇಷವಾಗಿ ಅದರ ಪಶ್ಚಿಮ ಭಾಗದಲ್ಲಿ, ಥಂಡಿ ಹೆಚ್ಚು. ಇಲ್ಲಿ ಪೆಟ್ಟಿಗೆಯ ತಳಕ್ಕೆ ರಟ್ಟಿನ ಹಾಳೆ ಹಾಕಿ, ಹುಲ್ಲನ್ನು ಪೂರ್ಣ ದಪ್ಪಕ್ಕೆ ಹಾಸಬೇಕು. ಹುಲ್ಲನ್ನು ಬಳಸುವ ಮುನ್ನ ಬಿಸಿಲಿಗೆ, ಬಿಸಿಲಿಲ್ಲದಿದ್ದಲ್ಲಿ ಒಲೆಯ ಬದಿಯ ಅಟ್ಟದಲ್ಲಿ ಒಣಗಿಸಿಕೊಳ್ಳುವುದು. ಎರಚಲು ತಡೆಯಲು ಪಂಜರದ ಒಂದು ಬದಿಗೆ ಮಾತ್ರ ಟಾರ್ಪಾಲು ಕಟ್ಟಿ, ಗಾಳಿಯಾಡಲು ಬೇರೆ ಬದಿಗಳನ್ನು ತೆರೆದಿಡುವುದು. ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಮೂರೂ ಕಡೆ ಇದೇ ಎಚ್ಚರಿಕೆ ಅವಶ್ಯಕ.

ಪೆಟ್ಟಿಗೆ ಬಿಸಿಯಾಗಿದೆಯೇ, ತಣ್ಣಗಿದೆಯೇ ಎಂಬುದನ್ನು ಮರಿಗಳೇ ತಿಳಿಸುತ್ತವೆ. ಒಂದರ ಮೇಲೊಂದು ಬಿದ್ದು ಒತ್ತಿಕೊಂಡು ನಡುಗುತ್ತಿದ್ದಲ್ಲಿ ಚಳಿ. ದೂರ ದೂರ ಚದುರಿ ಏದುಸಿರು ಬಿಡುತ್ತಿದ್ದಲ್ಲಿ ಸೆಕೆ. ಒಟ್ಟಿಗೆ ಸೇರಿ ಶಾಂತವಾಗಿ ಮಲಗಿದ್ದಲ್ಲಿ ಎಲ್ಲವೂ ಸರಿಯಾಗಿದೆ ಎಂದು ತಿಳಿಯಬಹುದು.

ಇರುವೆ, ಇಲಿ, ಹಾವು, ಬೆಕ್ಕು ಮತ್ತು ಬೀದಿನಾಯಿಗಳಿಂದ ಮರಿಗಳಿಗೆ ಅಪಾಯವಿದೆ. ಇರುವೆಗಳ ಮುತ್ತಿಗೆಯಿಂದ ಒಂದೇ ರಾತ್ರಿಯಲ್ಲಿ ಇಡೀ ಗೂಡು ನಾಶವಾಗಬಹುದು. ಪಂಜರದ ನಾಲ್ಕೂ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸುವುದು ಸುಲಭ ಪರಿಹಾರ. ಇರುವೆ ಪುಡಿ ಅಥವಾ ಕೀಟನಾಶಕವನ್ನು ಪಂಜರದ ಹತ್ತಿರ ಸಿಂಪಡಿಸಬಾರದು.

ಭಯಗೊಂಡ ತಾಯಿ ಮೊಲವು ಪೆಟ್ಟಿಗೆಯೊಳಗೆ ಹಾರಿ ಮರಿಗಳನ್ನು ತುಳಿಯುವ ಸಂಭವವಿದೆ. ಚೈತ್ರ ಮಾಸದಲ್ಲಿ ನಡೆಯುವ ಬೇಲೂರಿನ ಶ್ರೀ ಚೆನ್ನಕೇಶವಸ್ವಾಮಿ ರಥೋತ್ಸವ, ಗಣೇಶೋತ್ಸವ ಹಾಗೂ ದೀಪಾವಳಿಯ ದಿನಗಳಲ್ಲಿ ಹೆರಿಗೆಯ ದಿನಾಂಕ ಬರುವುದಾದಲ್ಲಿ, 28ನೇ ದಿನಕ್ಕೆ ಮುಂಚಿತವಾಗಿಯೇ ಪಂಜರವನ್ನು ಬೀದಿ ಬದಿಯಿಂದ ಮನೆಯ ಹಿಂಭಾಗಕ್ಕೆ ವರ್ಗಾಯಿಸುವುದು ಸೂಕ್ತ.

9. ಪ್ರಸವ ಮತ್ತು ಮೊದಲ ದಿನದ ಪರಿಶೀಲನೆ

ಪ್ರಸವಕ್ಕೆ ಒಂದೆರಡು ದಿನ ಮುಂಚೆ ಅಥವಾ ಅದೇ ದಿನ ಮೊಲವು ಹೊಟ್ಟೆ ಮತ್ತು ಗಂಟಲ ಕೆಳಗಿನ ಕೂದಲನ್ನು ಕಿತ್ತು ಹಾಸುತ್ತದೆ. ಆಹಾರ ಸೇವನೆ ಕಡಿಮೆಯಾಗಬಹುದು. ಸಾಮಾನ್ಯವಾಗಿ ರಾತ್ರಿ ಅಥವಾ ಬೆಳಗಿನ ಜಾವ ಮರಿ ಹಾಕುತ್ತದೆ. ಅರ್ಧ ಗಂಟೆಯೊಳಗೆ ಪ್ರಸವ ಮುಗಿಯುವುದು ವಾಡಿಕೆ. ಈ ಸಮಯದಲ್ಲಿ ದೀಪ ಹಾಕುವುದು, ಮಕ್ಕಳು ಗುಂಪುಗೂಡಿ ನೋಡುವುದು ಸಲ್ಲದು. ಕುಡಿಯುವ ನೀರು ಸದಾ ಲಭ್ಯವಿರಬೇಕು. ನೀರಿನ ಕೊರತೆ ಮತ್ತು ಗಾಬರಿಯು ತಾಯಿಯು ಮರಿಗಳನ್ನು ಕಚ್ಚುವುದಕ್ಕೆ ಕಾರಣವಾಗುವುದುಂಟು.

ಪ್ರಸವದ ನಂತರ ಕೆಲವು ಗಂಟೆ ಬಿಟ್ಟು, ತಾಯಿಗೆ ಗರಿಕೆ ಹುಲ್ಲು ಅಥವಾ ಕುದುರೆಮೆಂತ್ಯದ ಸೊಪ್ಪು ನೀಡಿ ಗಮನ ಬೇರೆಡೆ ಸೆಳೆದು, ಕೈ ತೊಳೆದು ಒರೆಸಿ, ಅದೇ ಪಂಜರದ ಹುಲ್ಲಿನಿಂದ ಕೈ ಉಜ್ಜಿಕೊಂಡು ಪೆಟ್ಟಿಗೆಯನ್ನು ಪರಿಶೀಲಿಸುವುದು. ಮರಿಗಳನ್ನು ಎಣಿಸಿ, ಸತ್ತ ಮರಿ ಮತ್ತು ಉಳಿದಿರುವ ಕಸವನ್ನು ತೆಗೆದು, ಕೂದಲನ್ನು ಮೊದಲಿದ್ದಂತೆ ಹೊದಿಸುವುದು. ಅನಂತರ ದಿನಕ್ಕೆ ಒಂದು ಬಾರಿ ನೋಡಿದರೆ ಸಾಕು.

ತಾಯಿ ಕೂದಲು ಕೀಳದಿದ್ದಲ್ಲಿ, ಹೊಟ್ಟೆಯ ಭಾಗದ ಸಡಿಲ ಕೂದಲನ್ನು ಮೃದುವಾಗಿ ಬಿಡಿಸಿ ಮರಿಗಳ ಮೇಲೆ ಹಾಕಬಹುದು. ಹೆಚ್ಚಾದ ಶುದ್ಧ ಕೂದಲನ್ನು ಕಾಗದದ ಚೀಲದಲ್ಲಿ ತೆಗೆದಿಟ್ಟುಕೊಂಡರೆ ಮುಂದೆ ಇಂತಹ ಸಂದರ್ಭಕ್ಕೆ ಉಪಯೋಗವಾಗುತ್ತದೆ.

ಪ್ರಸವವಾದ ದಿನವೇ ಮೊಲವು ಮತ್ತೆ ಗರ್ಭ ಧರಿಸಬಲ್ಲದು. ಆದುದರಿಂದ ಗಂಡು ಮೊಲವನ್ನು ಮೊದಲೇ ಪ್ರತ್ಯೇಕ ಪಂಜರಕ್ಕೆ ವರ್ಗಾಯಿಸತಕ್ಕದ್ದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತಾಯಿ ಮೊಲ ದಿನವಿಡೀ ಮರಿಗಳ ಬಳಿ ಹೋಗುವುದೇ ಇಲ್ಲ. ಮರಿಗಳನ್ನು ಬಿಟ್ಟುಬಿಟ್ಟಿದೆಯೇ?
ಉತ್ತರ: ಇಲ್ಲ. ಮೊಲವು ದಿನಕ್ಕೆ ಒಂದು ಅಥವಾ ಎರಡು ಬಾರಿ, ಪ್ರತಿ ಬಾರಿ ಮೂರರಿಂದ ಐದು ನಿಮಿಷ ಮಾತ್ರ ಹಾಲುಣಿಸುತ್ತದೆ. ಉಳಿದ ವೇಳೆ ದೂರವಿರುವುದು ಅದರ ಸಹಜ ಸ್ವಭಾವ. ಶತ್ರುಗಳಿಗೆ ಗೂಡಿನ ಸುಳಿವು ಸಿಗದಿರಲಿ ಎಂಬುದೇ ಇದರ ಕಾರಣ. ಮರಿಗಳ ಹೊಟ್ಟೆ ದುಂಡಗೆ ತುಂಬಿದ್ದು, ಮೈ ಬೆಚ್ಚಗಿದ್ದಲ್ಲಿ ಹಾಲು ಸಿಗುತ್ತಿದೆ ಎಂದು ತಿಳಿಯುವುದು. ಹೊಟ್ಟೆ ಒಳಸೇರಿ, ಚರ್ಮ ಸುಕ್ಕುಗಟ್ಟಿ, ಮರಿಗಳು ಕೀರಲು ದನಿಯಲ್ಲಿ ಕೂಗುತ್ತಿದ್ದಲ್ಲಿ ಕೂಡಲೇ ಪಶುವೈದ್ಯರನ್ನು ಕಾಣುವುದು. ತಾಯಿ ಬಿಟ್ಟಿದೆ ಎಂದು ತಪ್ಪಾಗಿ ತಿಳಿದು ಮರಿಗಳನ್ನು ಹೊರತೆಗೆದು ಸಾಕಲು ಹೊರಟು, ಬದುಕಬಹುದಾದ ಮರಿಗಳನ್ನು ಕಳೆದುಕೊಳ್ಳುವುದು ವಿಷಾದಕರ.

ಪ್ರಶ್ನೆ: ಮನುಷ್ಯರು ಮುಟ್ಟಿದರೆ ತಾಯಿ ಮರಿಗಳನ್ನು ಸೇರಿಸುವುದಿಲ್ಲವೇ?
ಉತ್ತರ: ಸಾಕಿದವರ ಕೈಗೆ ಒಗ್ಗಿಕೊಂಡಿರುವ ಮೊಲಗಳು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಶುದ್ಧ ಕೈಗಳಿಂದ ಅಗತ್ಯವಿದ್ದಷ್ಟು ಮಾತ್ರ ಮುಟ್ಟಬಹುದು.

ಪ್ರಶ್ನೆ: ಮರಿಯೊಂದು ಹೊರಗೆ ಬಿದ್ದು ತಣ್ಣಗಾಗಿದೆ. ಏನು ಮಾಡಬೇಕು?
ಉತ್ತರ: ಅಲುಗಾಡದ ತಣ್ಣನೆಯ ಮರಿಯನ್ನು ಸತ್ತಿದೆ ಎಂದು ಕೂಡಲೇ ಎಸೆಯಬಾರದು. ಅಂಗೈಗಳ ನಡುವೆ ಅಥವಾ ಬಟ್ಟೆ ಸುತ್ತಿದ ಬೆಚ್ಚಗಿನ ನೀರಿನ ಶೀಶೆಯ ಪಕ್ಕದಲ್ಲಿ ನಿಧಾನವಾಗಿ ಕಾವು ಕೊಡುವುದು. ಮೈ ಬೆಚ್ಚಗಾದ ಮೇಲೆ ಹಲವು ಮರಿಗಳು ಚೇತರಿಸಿಕೊಳ್ಳುತ್ತವೆ. ಬಳಿಕ ಇತರ ಮರಿಗಳ ನಡುವೆ ಸೇರಿಸುವುದು. ಬೆಂಕಿಯ ಬಳಿ ಹಿಡಿಯಬಾರದು. ತಣ್ಣಗಿರುವ ಮರಿಯ ಬಾಯಿಗೆ ಹಾಲು ಹಾಕಬಾರದು.

ಪ್ರಶ್ನೆ: ತಾಯಿ ಸತ್ತಿದೆ. ಹಸುವಿನ ಹಾಲು ಕುಡಿಸಬಹುದೇ?
ಉತ್ತರ: ಮೊಲದ ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನಿನ ಅಂಶ ಹಸುವಿನ ಹಾಲಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಬರಿಯ ಹಸುವಿನ ಹಾಲು ಮರಿಗಳಿಗೆ ಸಾಲದು. ಎರಡು ಮೂರು ದಿನಗಳ ಅಂತರದಲ್ಲಿ ಮರಿ ಹಾಕಿದ ಬೇರೊಂದು ತಾಯಿ ಮೊಲವಿದ್ದಲ್ಲಿ ಅದರ ಮರಿಗಳೊಡನೆ ಸೇರಿಸುವುದು ಉತ್ತಮ. ಇಲ್ಲವಾದಲ್ಲಿ ಪಶುವೈದ್ಯರ ಸಲಹೆಯಂತೆ ನಡೆಯುವುದು.

11. ಪೆಟ್ಟಿಗೆಯ ನಿರ್ವಹಣೆ ಮತ್ತು ತೆರವು

ಒದ್ದೆಯಾದ ಹುಲ್ಲನ್ನು ಆಗಿಂದಾಗ್ಗೆ ತೆಗೆದು ಒಣ ಹುಲ್ಲು ಹಾಕುವುದು. ತಾಯಿಯ ಒಣ ಕೂದಲನ್ನು ಮಾತ್ರ ಉಳಿಸಿಕೊಳ್ಳುವುದು. 12 ದಿನವಾದರೂ ಮರಿಯ ಕಣ್ಣು ತೆರೆಯದಿದ್ದಲ್ಲಿ, ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಶುದ್ಧ ಬಟ್ಟೆಯಿಂದ ಮೃದುವಾಗಿ ಒರೆಸಿ, ಕೀವು ಕಂಡುಬಂದಲ್ಲಿ ವೈದ್ಯರಿಗೆ ತೋರಿಸುವುದು. ಮರಿಗಳು ತಾವಾಗಿಯೇ ಹೊರಬಂದು ಸೊಪ್ಪು ಮೆಲ್ಲಲು ಆರಂಭಿಸಿದ ಮೇಲೆ, 18 ರಿಂದ 21ನೇ ದಿನದೊಳಗೆ ಪೆಟ್ಟಿಗೆಯನ್ನು ತೆಗೆಯಬಹುದು. ಅದನ್ನು ಕೆರೆದು, ತೊಳೆದು, ಬ್ಲೀಚಿಂಗ್ ಪುಡಿಯ ದ್ರಾವಣ ಬಳಿದು, ಮತ್ತೆ ತೊಳೆದು, ಎರಡು ಮೂರು ದಿನ ಬಿಸಿಲಿನಲ್ಲಿ ಒಣಗಿಸಿ ಇಟ್ಟಲ್ಲಿ ಮುಂದಿನ ಬಾರಿಗೆ ಸಿದ್ಧವಾಗಿರುತ್ತದೆ.

12. ಪಶು ಆಸ್ಪತ್ರೆಯನ್ನು ಸಂಪರ್ಕಿಸಬೇಕಾದ ಸಂದರ್ಭಗಳು

(ಅ) 33ನೇ ದಿನವಾದರೂ ಮರಿ ಹಾಕದಿದ್ದಲ್ಲಿ.
(ಆ) ಮೊಲವು ತಿಣುಕುತ್ತಿದ್ದು ಅರ್ಧ ಗಂಟೆಯಾದರೂ ಮರಿ ಹೊರಬರದಿದ್ದಲ್ಲಿ ಅಥವಾ ರಕ್ತಸ್ರಾವವಾಗುತ್ತಿದ್ದಲ್ಲಿ.
(ಇ) ತಾಯಿಯ ಮೊಲೆಗಳು ಕೆಂಪಾಗಿ, ಗಟ್ಟಿಯಾಗಿ, ಬಿಸಿಯಾಗಿದ್ದಲ್ಲಿ.
(ಈ) ತಾಯಿಯು ಒಂದು ದಿನ ಪೂರ್ತಿ ಆಹಾರ ಮುಟ್ಟದಿದ್ದಲ್ಲಿ.

ದನ, ಕುರಿ ಅಥವಾ ಕೋಳಿಗಳಿಗಾಗಿ ತಂದಿಟ್ಟ ಔಷಧಿಯನ್ನು ಮೊಲಕ್ಕೆ ನೀಡಕೂಡದು. ಪೆನ್ಸಿಲಿನ್ ವರ್ಗದ ಔಷಧಿಗಳನ್ನು ಬಾಯಿಯ ಮೂಲಕ ನೀಡಿದಲ್ಲಿ ಮೊಲದ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳು ನಾಶವಾಗಿ ಸಾವು ಸಂಭವಿಸಬಹುದು.

ಆಸ್ಪತ್ರೆಗೆ ಬರುವಾಗ ಗಂಡಿನೊಂದಿಗೆ ಬಿಟ್ಟ ದಿನಾಂಕ, ಮೊಲದ ವಯಸ್ಸು, ಹಿಂದಿನ ಪ್ರಸವಗಳ ವಿವರ, ಮರಿಗಳ ಸಂಖ್ಯೆ ಹಾಗೂ ನೀಡುತ್ತಿರುವ ಆಹಾರದ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ತರುವುದು. ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಹುಲ್ಲು ಹಾಸಿದ, ಗಾಳಿಯಾಡುವ ಪೆಟ್ಟಿಗೆಯಲ್ಲಿ ತಂಪು ಹೊತ್ತಿನಲ್ಲಿ ತರುವುದು. ಎದೆ ಮತ್ತು ಹಿಂಭಾಗ ಎರಡಕ್ಕೂ ಆಧಾರ ಕೊಟ್ಟು ಎತ್ತತಕ್ಕದ್ದು.

13. ಹೆಚ್ಚಿನ ಮಾಹಿತಿಗಾಗಿ

ಅರಸೀಕೆರೆ ಮತ್ತು ಬೇಲೂರು ತಾಲ್ಲೂಕು ಕೇಂದ್ರಗಳ ಪಶು ಆಸ್ಪತ್ರೆಗಳನ್ನು ಹಾಗೂ ಹಳೇಬೀಡು ಭಾಗದವರು ತಮಗೆ ಸಮೀಪದ ಪಶುವೈದ್ಯಕೀಯ ಸಂಸ್ಥೆಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ಹೆಚ್ಚಿನ ತಪಾಸಣೆಯ ಅಗತ್ಯ ಕಂಡುಬಂದಲ್ಲಿ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು.

ಮೊಲ ಸಾಕುವವರು ಗಂಡಿನೊಂದಿಗೆ ಬಿಟ್ಟ ದಿನವನ್ನು ಬರೆದಿಡುವುದು, 28ನೇ ದಿನ ಒಣ ಹುಲ್ಲಿನ ಪೆಟ್ಟಿಗೆ ಇಡುವುದು, ದಿನಕ್ಕೊಮ್ಮೆ ಮಾತ್ರ ಮರಿಗಳನ್ನು ನೋಡುವುದು, ಈ ಮೂರು ಅಂಶಗಳನ್ನು ತಪ್ಪದೆ ಪಾಲಿಸಬೇಕೆಂದು ಕೋರಲಾಗಿದೆ.